ವೈನಿನ ರುಚಿಯಲ್ಲಿ ದ್ರಾಕ್ಷಿ ಪಡ ಕಾಣುತ್ತದೆ

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆ. ನನಗಿರುವುದು ಮಳೆ ನಂಬಿದ ಆರೆಕರೆ ಎರೆಹೊಲ. ಬಿಳಿಜೋಳ, ಕಡಲೆ, ತೊಗರಿ ಬಿಟ್ಟರೆ ಬೇರೆ ಬೆಳೆದವನಲ್ಲ. ತಮ್ಮನದು ದ್ರಾಕ್ಷಿ ಪಡ, ಮಣೂಕ ಮಾಡಿ ಮಾರುತ್ತಾನೆ. ಈಗ ಎರಡೆಕರೆಗೆ ವೈನ್ ದ್ರಾಕ್ಷಿ ಹಚ್ಚೋಣವೆಂದು ಅವನ ಮಗನ ಹಟ. ತಮ್ಮ ಒಲ್ಲೆ ಅಂತಾನೆ. ಹಿಂದೆ ಒಂದು ಕಂಪನಿಯನ್ನು ನಂಬಿ ಹಚ್ಚಿದ್ದ. 2009ರ ಸುಗ್ಗಿಗೆ ಕೊಳ್ಳುವವರೇ ಬರಲಿಲ್ಲ, ಪಡ ಕಿತ್ತು ಹಾಕಿದ.

ನ್ಯಾಯ ನನ್ನ ಮುಂದೆ ಬಂತು. ಹುಡುಗ ವೈನರಿಯಲ್ಲಿ ಕೆಲಸಕ್ಕಿದ್ದಾನೆ. "ದೊಡ್ಡಪ್ಪಾ, ಮೊದಲು ರುಚಿ ನೋಡ್ರಿ, ಆಮೇಲೆ ಹೇಳ್ರಿ" ಎಂದು ಒಂದು ಬಾಟಲಿ ತಂದ. ನಮ್ಮ ಜಿಲ್ಲೆಯದೇ ಶಿರಾಜ್ ದ್ರಾಕ್ಷಿಯ ಕೆಂಪು ವೈನ್, ಬೆಲೆ ಆರುನೂರರ ಒಳಗೆ. ವೈನ್ ಅಂದರೆ ಜನ ನಾಸಿಕ, ನಂದಿ ಎನ್ನುತ್ತಾರೆ. ನಮ್ಮ ಕೃಷ್ಣಾ ಕಣಿವೆಯ ಹೆಸರು ಎತ್ತುವವರು ಕಡಿಮೆ.

ರುಚಿ ನೋಡುವ ರೀತಿ

ರುಚಿ ನೋಡುವುದೆಂದರೆ ಕುಡಿಯುವುದಲ್ಲ, ಬಾಯಲ್ಲಿ ಆಡಿಸಿ ಉಗುಳುವುದು. ವೈನ್ ಬಿಸಿಯಾಗಿದ್ದರೆ ಬರೀ ಸಾರಾಯಿ ನಾತ. 16–18 ಡಿಗ್ರಿಗೆ ತಂಪು ಮಾಡಬೇಕು. ಗಾಜಿನ ಲೋಟಕ್ಕೆ ಸ್ವಲ್ಪ ಹಾಕಿ ಬಿಳಿ ಹಾಳೆಯ ಮುಂದೆ ಹಿಡಿದೆವು. ಕಡು ನೇರಳೆ ಬಣ್ಣ. ಈ ಬಣ್ಣ ರಸದ್ದಲ್ಲ, ಸಿಪ್ಪೆಯದು. ಸಿಪ್ಪೆ, ಬೀಜ ಸಮೇತ ಹುದುಗು ಬರಿಸಿದರೇ ಕೆಂಪು ವೈನ್.

ಲೋಟ ತಿರುಗಿಸಿ ಮೂಸಿದೆ. ನೇರಳೆ ಹಣ್ಣು, ಅದರ ಹಿಂದೆ ಕುಟ್ಟಿದ ಕರಿಮೆಣಸು. ಮೆಣಸಿನ ವಾಸನೆ ಶಿರಾಜ್ ತಳಿಯ ಗುಣ. ಬಾಯಿಗೆ ಹಾಕಿದರೆ ಸಿಹಿಯೇ ಇಲ್ಲ! ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮದ್ಯಸಾರ ಮಾಡಿರುತ್ತದೆ. ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆಗೆ ಶೇ. 1ರಷ್ಟು ಮದ್ಯಸಾರ. ಆಮೇಲೆ ಹದವಾದ ಹುಳಿ, ಒಸಡಿಗೆ ಅಡಿಕೆ ಜಗಿದಂಥ ಒಗರು. ಎಣ್ಣೆಗಾಯಿ, ರೊಟ್ಟಿ ತಿಂದು ನೋಡಿದರೆ ಒಗರು ಇಳಿಯಿತು. ಕೆಂಪು ಚಟ್ನಿಗೆ ಮಾತ್ರ ಉರಿ ಹೆಚ್ಚಾಯಿತು.

ಅಗ್ಗ ಯಾಕೆಂದರೆ ಇದನ್ನು ದುಬಾರಿ ಓಕ್ ಪೀಪಾಯಿಯಲ್ಲಿ ಇಟ್ಟಿಲ್ಲ, ಸ್ಟೀಲ್ ಟ್ಯಾಂಕಿನದು. ಅದಕ್ಕೇ ಹಣ್ಣಿನ ರುಚಿ ನೇರವಾಗಿ ಸಿಗುತ್ತದೆ.

ಪಡದ ತಪ್ಪು ಬಾಯಿಗೆ

ಒಗರು ಸಿಪ್ಪೆ, ಬೀಜದಿಂದ ಬರುವುದು. ಬೀಜ ಹಸಿರಿರುವಾಗ ಕೊಯ್ದರೆ ಬಾಯಿ ಹಿಡಿಯುತ್ತದೆ. ಕಂದು ತಿರುಗಿದ ಮೇಲೆ ಕೊಯ್ದರೆ ಮೆದು. ತೀರಾ ತಡವಾದರೆ ಹುಳಿ ಇಳಿದು, ಸಕ್ಕರೆ ಏರಿ, ವೈನ್ ಗಂಟಲು ಸುಡುತ್ತದೆ. ನೀರು ಹೆಚ್ಚಾದರೆ, ಗೊನೆ ಹೆಚ್ಚು ಬಿಟ್ಟರೆ ರಸ ತೆಳು. ತಿನ್ನುವ ದ್ರಾಕ್ಷಿಗೆ ದಪ್ಪ ಕಾಳು ಬೇಕು, ಇದಕ್ಕೆ ಸಣ್ಣ ಕಾಳು, ದಪ್ಪ ಸಿಪ್ಪೆ. ಜೋಳದವನಾದ ನನಗೆ ಇದು ಬೇಗ ತಿಳಿಯಿತು. ನೀರುಂಡ ಜೋಳಕ್ಕಿಂತ ಇಬ್ಬನಿಗೆ ಬೆಳೆದ ಹಿಂಗಾರಿ ಜೋಳದ ರೊಟ್ಟಿಯೇ ರುಚಿ.

ಅಕ್ಟೋಬರ್ ಚಾಟ್ನಿಯ ಬೆಳೆ ಫೆಬ್ರವರಿ–ಮಾರ್ಚಿಗೆ ಕೊಯ್ಲಿಗೆ ಬರುತ್ತದೆ. ಆಗ ನಮ್ಮಲ್ಲಿ ಬಿಸಿಲು ಏರುತ್ತಿರುತ್ತದೆ. ಕಂಪನಿ ಒಂದು ವಾರ ಲಾರಿ ಕಳಿಸದಿದ್ದರೂ ಕೆಡುವುದು ರೈತನ ಮಾಲು.

ನನ್ನ ಮಾತು

ವೈನ್ ಚಲೋ ಇತ್ತು. ಹಾಗೆಂದು ಪಡ ಹಚ್ಚಲು ಅದಷ್ಟೇ ಸಾಲದು. ಹುಡುಗನಿಗೆ ಹೇಳಿದೆ: "ಎರಡಲ್ಲ, ಅರ್ಧ ಎಕರೆ ಹಚ್ಚು. ದರ, ಸಕ್ಕರೆ ಎಷ್ಟು ಬ್ರಿಕ್ಸ್ ಇರಬೇಕು, ಕೊಯ್ಲಿನ ದಿನ, ಒಯ್ಯದಿದ್ದರೆ ಪರಿಹಾರ, ಇಷ್ಟನ್ನೂ ಬರೆದು ಕೊಟ್ಟರೆ ಮಾತ್ರ ಗುಂಡಿ ತೋಡು."

ತಮ್ಮ ಇದಕ್ಕೆ ಒಪ್ಪಿದ. ವೈನ್ ದ್ರಾಕ್ಷಿ ಬೆಳೆದು ಗೆದ್ದವರು, ಸೋತವರು ಇಬ್ಬರೂ ತಮ್ಮ ಅನುಭವ ಬರೆದರೆ ನಮ್ಮಂಥವರಿಗೆ ಉಪಕಾರ.