ಶಿಕ್ಷಣ ಸಾಲದ ಸುಸ್ತಿ ಮತ್ತು ವಕೀಲರ ಸನ್ನದು

ಶಿಕ್ಷಣ ಸಾಲದ ಸುಸ್ತಿ ಮತ್ತು ವಕೀಲರ ಸನ್ನದು ಎಂಬುದು ಕಾನೂನು ಪದವಿಗಾಗಿ ಪಡೆದ ಬ್ಯಾಂಕ್ ಸಾಲವನ್ನು ತೀರಿಸಲಾಗದ ವಕೀಲರ ವೃತ್ತಿ ಪರವಾನಗಿಯ ಮೇಲೆ ಉಂಟಾಗುವ ಪರಿಣಾಮಗಳಿಗೆ ಸಂಬಂಧಿಸಿದ ವಿಷಯವಾಗಿದೆ. ಭಾರತದಲ್ಲಿ ಸಾಲದ ಸುಸ್ತಿಯೊಂದೇ ಕಾರಣಕ್ಕೆ ಸನ್ನದನ್ನು ನಿರಾಕರಿಸಲು ಅಥವಾ ಅಮಾನತಿನಲ್ಲಿಡಲು ಕಾನೂನಿನಲ್ಲಿ ಅವಕಾಶವಿಲ್ಲ. ಆದರೆ ಸಾಲದ ಒತ್ತಡದಲ್ಲಿ ವಕೀಲರು ಕೈಗೊಳ್ಳುವ ಕೆಲವು ಕ್ರಮಗಳು ಸನ್ನದಿಗೆ ನೇರವಾಗಿ ಧಕ್ಕೆ ತರುತ್ತವೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಂತಹ ಕೃಷಿಪ್ರಧಾನ ಪ್ರದೇಶಗಳಲ್ಲಿ ಇಂತಹ ಸಾಲದ ಹೊರೆಯನ್ನು ವಕೀಲರೊಂದಿಗೆ ಅವರ ಹೆತ್ತವರೂ ಹೊರುತ್ತಾರೆ.

ಕಾನೂನಿನ ನೆಲೆ

ವಕೀಲರ ನೋಂದಣಿ ಮತ್ತು ಶಿಸ್ತು 1961ರ ವಕೀಲರ ಅಧಿನಿಯಮಕ್ಕೆ ಒಳಪಟ್ಟಿವೆ. ಕರ್ನಾಟಕದಲ್ಲಿ ಸನ್ನದು ನೀಡುವ ಸಂಸ್ಥೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ಅಧಿನಿಯಮದ 24ಎ ಕಲಮು ನೋಂದಣಿಗೆ ಇರುವ ಅನರ್ಹತೆಗಳನ್ನು ಹೇಳುತ್ತದೆ. ನೈತಿಕ ಅಧಃಪತನವನ್ನೊಳಗೊಂಡ ಅಪರಾಧಕ್ಕೆ ಶಿಕ್ಷೆ, ಅಸ್ಪೃಶ್ಯತೆಗೆ ಸಂಬಂಧಿಸಿದ ಕಾನೂನಿನಡಿ ಶಿಕ್ಷೆ ಮತ್ತು ನೈತಿಕ ಅಧಃಪತನದ ಆರೋಪದ ಮೇಲೆ ಸರ್ಕಾರಿ ಸೇವೆಯಿಂದ ವಜಾ ಇವೇ ಆ ಅನರ್ಹತೆಗಳು. ಈ ಪಟ್ಟಿಯಲ್ಲಿ ಸಾಲವಾಗಲಿ ದಿವಾಳಿತನವಾಗಲಿ ಸೇರಿಲ್ಲ. ಲೆಕ್ಕಪರಿಶೋಧಕರ ವಿಷಯದಲ್ಲಿ ಹಾಗಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಅಧಿನಿಯಮದ 8ನೆಯ ಕಲಮಿನಂತೆ ಋಣಮುಕ್ತನಾಗದ ದಿವಾಳಿಯು ಸದಸ್ಯತ್ವಕ್ಕೆ ಅನರ್ಹನಾಗುತ್ತಾನೆ. ಅಂತಹ ದಿವಾಳಿ ವಕೀಲನು ಕಳೆದುಕೊಳ್ಳುವುದು ರಾಜ್ಯ ಪರಿಷತ್ತಿನ ಚುನಾವಣೆಯ ಮತದಾರರ ಪಟ್ಟಿಯಲ್ಲಿನ ಹೆಸರನ್ನು ಮಾತ್ರ. ಆತ ನ್ಯಾಯಾಲಯದಲ್ಲಿ ವಾದಿಸಬಹುದು, ಪರಿಷತ್ತಿಗೆ ಮತ ಹಾಕುವಂತಿಲ್ಲ.

ನೋಂದಣಿಯ ನಂತರದ ನಡತೆಗೆ 35ನೆಯ ಕಲಮು ಅನ್ವಯಿಸುತ್ತದೆ. ಅದರಲ್ಲಿ 'ವೃತ್ತಿ ಸಂಬಂಧಿ ಅಥವಾ ಇತರ ದುರ್ನಡತೆ' ಎಂಬ ವಿಶಾಲವಾದ ಮಾತುಗಳಿವೆ. ಶಿಸ್ತು ಸಮಿತಿಯು ಛೀಮಾರಿ ಹಾಕಬಹುದು, ಅಮಾನತಿನಲ್ಲಿಡಬಹುದು ಅಥವಾ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಆದೇಶದ ವಿರುದ್ಧ ಭಾರತೀಯ ವಕೀಲರ ಪರಿಷತ್ತಿಗೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಅಮೆರಿಕದೊಂದಿಗೆ ಹೋಲಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅರ್ಜಿದಾರರ 'ಶೀಲ ಮತ್ತು ಅರ್ಹತೆ'ಯ ಪರಿಶೀಲನೆಯಲ್ಲಿ ಸಾಲದ ಇತಿಹಾಸವನ್ನೂ ನೋಡಲಾಗುತ್ತದೆ. 2011ರಲ್ಲಿ ಓಹಾಯೋ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ದೊಡ್ಡ ಮೊತ್ತದ ಶಿಕ್ಷಣ ಸಾಲವಿದ್ದು ಅದನ್ನು ತೀರಿಸುವ ಯೋಜನೆ ಇಲ್ಲದ ಅಭ್ಯರ್ಥಿಯೊಬ್ಬರಿಗೆ ಪ್ರವೇಶ ನಿರಾಕರಿಸಿತು. ಹಲವು ರಾಜ್ಯಗಳು ಸುಸ್ತಿದಾರರ ವೃತ್ತಿ ಪರವಾನಗಿಗಳನ್ನು ತಡೆಹಿಡಿಯುವ ಕಾನೂನುಗಳನ್ನೂ ಮಾಡಿದ್ದವು. ಟೆಕ್ಸಾಸ್ ರಾಜ್ಯವು 2019ರಲ್ಲಿ ಅಂತಹ ಕಾನೂನನ್ನು ಕೈಬಿಟ್ಟಿತು. ದುಡಿಯುವ ದಾರಿಯನ್ನೇ ಮುಚ್ಚಿದರೆ ಸಾಲ ತೀರುವುದು ಹೇಗೆ ಎಂಬುದು ವಿರೋಧಿಗಳ ಮುಖ್ಯ ಆಕ್ಷೇಪವಾಗಿತ್ತು.

ಐತಿಹಾಸಿಕ ಹಿನ್ನೆಲೆ

ಓದಿನ ಋಣ ಹೊತ್ತು ವಕೀಲಿ ಆರಂಭಿಸಿದವರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಪ್ರಮುಖರು. ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲವದು. 1923ರಲ್ಲಿ ಮುಂಬಯಿಯಲ್ಲಿ ವಕೀಲಿ ಆರಂಭಿಸಿದಾಗ ಸನ್ನದಿನ ಶುಲ್ಕಕ್ಕೂ ಅವರಲ್ಲಿ ಹಣವಿರಲಿಲ್ಲ. ಮಿತ್ರ ನವಲ್ ಭಥೇನಾ ನೆರವಾದರು. ಕೊಲಂಬಿಯಾ ವಿಶ್ವವಿದ್ಯಾಲಯದ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ ನೀಡಿದ್ದ ಬರೋಡಾ ಸಂಸ್ಥಾನವು, ಸೇವೆಯ ಕರಾರು ಪೂರ್ಣಗೊಳ್ಳದ ಕಾರಣ ಹಣವನ್ನು ಹಿಂದಿರುಗಿಸುವಂತೆ ಕೇಳಿತ್ತು. ಆ ಬಾಕಿ ಅವರ ಸನ್ನದಿಗೆ ಅಡ್ಡಿಯಾಗಲಿಲ್ಲ. 1925ರಲ್ಲಿ ಅವರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಭಾಷಣ ಮಾಡಿದರು.

ಸನ್ನದಿಗೆ ಎದುರಾಗುವ ಪರೋಕ್ಷ ಅಪಾಯಗಳು

ಸುಸ್ತಿ ದುರ್ನಡತೆಯಲ್ಲ, ಸುಸ್ತಿಯಿಂದ ಪಾರಾಗಲು ಮಾಡಿದ್ದು ದುರ್ನಡತೆಯಾಗಬಹುದು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಂತೆ ಕಕ್ಷಿದಾರರ ಹಣಕ್ಕೆ ವಕೀಲರು ಪ್ರತ್ಯೇಕ ಲೆಕ್ಕ ಇಡಬೇಕು. ಭೂಸ್ವಾಧೀನ ಅಥವಾ ಅಪಘಾತ ಪರಿಹಾರದ ಮೊತ್ತ ಕೈಗೆ ಬಂದ ವಾರದಲ್ಲೇ ಕಂತಿನ ಗಡುವು ಬಂದರೆ, ಅದರಿಂದ 'ತಾತ್ಕಾಲಿಕವಾಗಿ' ಕಂತು ಕಟ್ಟುವ ವಕೀಲನು ಸಾಲಗಾರನಾಗಿ ಉಳಿಯುವುದಿಲ್ಲ, ಹಣ ದುರುಪಯೋಗದ ಆರೋಪಿಯಾಗುತ್ತಾನೆ. ಮುಂದಿನ ತಿಂಗಳು ಹಣವನ್ನು ಹಿಂದಿರುಗಿಸಿದರೂ ದೋಷ ಅಳಿಯುವುದಿಲ್ಲ.

ಬ್ಯಾಂಕಿನ ಪರ ವಕೀಲಿ ಮಾಡುವವರಿಗೆ ಇನ್ನೊಂದು ನಿಯಮ ಮುಖ್ಯ. ಕಕ್ಷಿದಾರರಿಂದ ಬರಬೇಕಾದ ಶುಲ್ಕವನ್ನು, ವಕೀಲಿ ಕೆಲಸಕ್ಕೆ ಸಂಬಂಧಿಸದ ತಮ್ಮ ಸ್ವಂತ ಬಾಕಿಗೆ ವಜಾ ಹಾಕಿಕೊಳ್ಳುವಂತಿಲ್ಲ. ಸಾಲ ಕೊಟ್ಟ ಬ್ಯಾಂಕೇ ಕಕ್ಷಿದಾರನಾಗಿದ್ದರೆ ಆಸ್ತಿ ಹಕ್ಕುಶೋಧದ ವರದಿಗಳ ಶುಲ್ಕವನ್ನು ಕಂತಿಗೆ ಜಮಾ ಮಾಡಿಕೊಳ್ಳುವ ಸುಲಭದ ಒಪ್ಪಂದಕ್ಕೂ ಇದು ಅಡ್ಡ ಬರುತ್ತದೆ.

ಕಂತಿಗಾಗಿ ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದರೆ ವರ್ಗಾವಣೀಯ ಲಿಖಿತಗಳ ಅಧಿನಿಯಮದ 138ನೆಯ ಕಲಮಿನಡಿ ಎರಡು ವರ್ಷಗಳವರೆಗಿನ ಸೆರೆವಾಸ ಅಥವಾ ಚೆಕ್ಕಿನ ಎರಡು ಪಟ್ಟು ದಂಡ ಅಥವಾ ಎರಡನ್ನೂ ವಿಧಿಸಬಹುದು. ಖಾತೆಯಿಂದ ತಾನಾಗಿ ಕಡಿತವಾಗಬೇಕಿದ್ದ ಕಂತು ಮರಳಿದರೂ 2007ರ ಪಾವತಿ ವ್ಯವಸ್ಥೆಗಳ ಅಧಿನಿಯಮದಡಿ ಇಂತಹದೇ ಹೊಣೆ ಇದೆ. ಸಾಲ ಪಡೆಯುವಾಗ ನಕಲಿ ಅಂಕಪಟ್ಟಿ ಅಥವಾ ಆದಾಯ ಪ್ರಮಾಣಪತ್ರ ಸಲ್ಲಿಸಿದ್ದರೆ ಅದು ವಂಚನೆಯ ಪ್ರಕರಣವಾಗುತ್ತದೆ.

ಹೆಚ್ಚು ವಿಪರ್ಯಾಸಕರವಾದುದು 49ನೆಯ ನಿಯಮ. ಸಾಲ ತೀರಿಸಲೆಂದು ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರುವ ವಕೀಲನು ಅದನ್ನು ಪರಿಷತ್ತಿಗೆ ತಿಳಿಸಿ, ಆ ಕೆಲಸದಲ್ಲಿರುವವರೆಗೆ ವಕೀಲಿಯನ್ನು ನಿಲ್ಲಿಸಬೇಕು. ಹೇಳದೆ ಎರಡನ್ನೂ ನಡೆಸಿದರೆ ಶಿಸ್ತುಕ್ರಮಕ್ಕೆ ಗುರಿಯಾಗಬಹುದು. ಹೀಗೆ ಸಾಲ ಕಟ್ಟದವನ ಸನ್ನದು ಚಾಲ್ತಿಯಲ್ಲಿರುತ್ತದೆ. ಸಂಬಳದಿಂದ ಸಾಲ ಕಟ್ಟಲು ಹೊರಟವನ ಸನ್ನದು ತಾತ್ಕಾಲಿಕವಾಗಿ ನಿಲ್ಲುತ್ತದೆ. ಸಾರ್ವಜನಿಕ ಬ್ಯಾಂಕುಗಳ ಕಾನೂನು ಅಧಿಕಾರಿ ಹುದ್ದೆಗಳಿಗಂತೂ ಉತ್ತಮ ಸಾಲ ಇತಿಹಾಸವೇ ಒಂದು ಷರತ್ತು.

ಐದು ತಾಲ್ಲೂಕುಗಳಲ್ಲಿ ಸಾಲ ಮತ್ತು ವಸೂಲಿ

ಈ ಭಾಗದ ವಿದ್ಯಾರ್ಥಿಗಳು ಓದುವ ಕಾನೂನು ಕಾಲೇಜುಗಳಲ್ಲಿ 1939ರಲ್ಲಿ ಸ್ಥಾಪಿತವಾದ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯವು ಹಳೆಯದು. ವ್ಯಾಸಂಗ ಮುಗಿದ ಮೇಲೆ ನೋಂದಣಿ ಮತ್ತು ಅಖಿಲ ಭಾರತ ವಕೀಲರ ಪರೀಕ್ಷೆಯ ಹಂತಗಳಿವೆ. 2024ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂ. ಮತ್ತು ಪರಿಶಿಷ್ಟ ಜಾತಿ, ಪಂಗಡಗಳವರಿಂದ 125 ರೂ.ಗಿಂತ ಹೆಚ್ಚು ಪಡೆಯುವಂತಿಲ್ಲವೆಂದು ತೀರ್ಪು ನೀಡಿತು. ಅದೇ ವರ್ಷ ಭಾರತೀಯ ವಕೀಲರ ಪರಿಷತ್ತು ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000 ರೂ., ಗ್ರಾಮಾಂತರದಲ್ಲಿ 15,000 ರೂ. ಕೊಡಬೇಕೆಂದು ಸೂಚಿಸಿತು. ಇದು ಶಿಫಾರಸು ಮಾತ್ರ, ಕಡ್ಡಾಯವಲ್ಲ.

ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಹೆತ್ತವರು ಸಹಸಾಲಗಾರರಾಗಿರುತ್ತಾರೆ. 7.5 ಲಕ್ಷ ರೂ. ಮೀರಿದ ಸಾಲಕ್ಕೆ ಆಸ್ತಿಯ ಭದ್ರತೆ ಬೇಕು. ವ್ಯಾಸಂಗದ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಕಿರಿಯ ವಕೀಲನಿಗೆ ಆ ಒಂದು ವರ್ಷದಲ್ಲಿ ಆದಾಯ ಕುದುರುವುದು ಅಪರೂಪ. ಹೀಗಾಗಿ ಕಂತು ಮನೆಯ ಕಬ್ಬಿನ ಬಿಲ್ಲಿನ ಮೇಲೆ ಬೀಳುತ್ತದೆ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮೊದಲಾದ ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಸಾಗಿಸುವ ಮನೆಗಳಿಗೆ ಹಣ ಬರುವುದು ಹಂಗಾಮಿನ ಲೆಕ್ಕದಲ್ಲಿ, ಬ್ಯಾಂಕು ಕೇಳುವುದು ತಿಂಗಳ ಲೆಕ್ಕದಲ್ಲಿ. ರಿಸರ್ವ್ ಬ್ಯಾಂಕಿನ ನಿಯಮಗಳಂತೆ ಬೆಳೆ ಸಾಲದ ಸುಸ್ತಿಯನ್ನು ಬೆಳೆಯ ಹಂಗಾಮಿನಿಂದ ಅಳೆಯಲಾಗುತ್ತದೆ. ಶಿಕ್ಷಣ ಸಾಲದ ಕಂತು ತೊಂಬತ್ತು ದಿನ ಮೀರಿದರೆ ಅದು ಅನುತ್ಪಾದಕ ಸಾಲವಾಗುತ್ತದೆ. ಒಂದೇ ಮನೆಯ ಎರಡು ಸಾಲಗಳಿಗೆ ಹೀಗೆ ಎರಡು ಅಳತೆಗಳಿವೆ.

ಸಾಲ ವಸೂಲಾತಿ ನ್ಯಾಯಮಂಡಳಿಯ ವ್ಯಾಪ್ತಿ 20 ಲಕ್ಷ ರೂ.ಗಳಿಂದ ಆರಂಭವಾಗುವುದರಿಂದ, ಅದಕ್ಕಿಂತ ಕಡಿಮೆ ಮೊತ್ತದ ಸಾಲಗಳಿಗೆ ಬ್ಯಾಂಕು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಜಮೀನನ್ನು ಭದ್ರತೆಯಾಗಿ ಕೊಟ್ಟಿದ್ದರೆ ಉತಾರದಲ್ಲಿ ಬ್ಯಾಂಕಿನ ಬೋಜಾ ದಾಖಲಾಗುತ್ತದೆ. ಆದರೆ 2002ರ ಸರ್ಫೇಸಿ ಅಧಿನಿಯಮದ 31ನೆಯ ಕಲಮು ಕೃಷಿ ಭೂಮಿಯನ್ನು ಹೊರಗಿಟ್ಟಿರುವುದರಿಂದ ಬ್ಯಾಂಕು ನೋಟಿಸು ನೀಡಿ ತಾನೇ ಹರಾಜು ಹಾಕುವಂತಿಲ್ಲ. ಅನೇಕ ಪ್ರಕರಣಗಳು ಲೋಕ ಅದಾಲತ್ತಿಗೆ ಬರುತ್ತವೆ. ಅಲ್ಲಿನ ರಾಜಿಯು ಡಿಕ್ರಿಗೆ ಸಮಾನವಾಗಿದ್ದು ಅದಕ್ಕೆ ಮೇಲ್ಮನವಿ ಇಲ್ಲ. ತಾನು ನಿತ್ಯ ವಕಾಲತ್ತು ಹಾಕುವ ನ್ಯಾಯಾಲಯದಲ್ಲೇ ವಕೀಲನು ತಂದೆಯೊಂದಿಗೆ ಪ್ರತಿವಾದಿಯಾಗಿ ನಿಲ್ಲುವ ಸಂದರ್ಭವೂ ಬರುತ್ತದೆ.

ಡಿಕ್ರಿಯ ಅಮಲ್ಜಾರಿಯಲ್ಲಿ ಸಾಲಗಾರನನ್ನು ಸಿವಿಲ್ ಸೆರೆಗೆ ಕಳುಹಿಸಲು ಅವಕಾಶವಿದ್ದರೂ, ಕಟ್ಟುವ ಶಕ್ತಿ ಇಲ್ಲದಿರುವುದೊಂದೇ ಅದಕ್ಕೆ ಕಾರಣವಾಗಲಾರದು ಎಂದು 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 135ನೆಯ ಕಲಮು ವಕೀಲರಿಗೆ ಮತ್ತೊಂದು ರಕ್ಷಣೆ ನೀಡಿದೆ: ಪ್ರಕರಣವೊಂದನ್ನು ನಡೆಸಲು ನ್ಯಾಯಾಲಯಕ್ಕೆ ಹೋಗುವಾಗ, ಅಲ್ಲಿರುವಾಗ ಮತ್ತು ಅಲ್ಲಿಂದ ಮರಳುವಾಗ ಅವರನ್ನು ಸಿವಿಲ್ ವಾರಂಟಿನ ಮೇಲೆ ಬಂಧಿಸುವಂತಿಲ್ಲ.