ಕೋಟಿನೊಳಗಿನ ಪಿಸ್ತೂಲಿಗೆ ಯಾರ ಅಪ್ಪಣೆ?

2013ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದ ಮಹಿಳೆಯೊಬ್ಬರು ಪಕ್ಕದ ನ್ಯೂಜೆರ್ಸಿಯಲ್ಲಿ ಕಾರು ಓಡಿಸುತ್ತಿದ್ದಾಗ ಲೇನ್ ಬದಲಿಸುವಲ್ಲಿ ತಪ್ಪು ಮಾಡಿದರೆಂದು ಪೊಲೀಸರು ತಡೆದರು. ಆಕೆ ಎರಡು ಮಕ್ಕಳ ತಾಯಿ, ಕಪ್ಪುವರ್ಣೀಯರು. ಎರಡು ಸಲ ಸುಲಿಗೆಗೆ ಸಿಕ್ಕ ಮೇಲೆ ಪಿಸ್ತೂಲು ಕೊಂಡು, ಅದನ್ನು ಮರೆಯಲ್ಲಿಟ್ಟುಕೊಂಡು ಓಡಾಡಲು ಪೆನ್ಸಿಲ್ವೇನಿಯಾ ರಾಜ್ಯದ ಪರ್ಮಿಟ್ಟನ್ನೂ ಮಾಡಿಸಿಕೊಂಡಿದ್ದರು. ಜೊತೆಯಲ್ಲಿ ಪಿಸ್ತೂಲಿದೆ, ಪರ್ಮಿಟ್ಟೂ ಇದೆ ಎಂದು ತಾವಾಗಿಯೇ ಪೊಲೀಸರಿಗೆ ಹೇಳಿದರು. ನ್ಯೂಜೆರ್ಸಿಯ ಕಾನೂನಿಗೆ ಅಷ್ಟೇ ಸಾಕಾಯಿತು. ಕನಿಷ್ಠ ಮೂರೂವರೆ ವರ್ಷ ಜೈಲು ಶಿಕ್ಷೆಯಾಗಬಹುದಾದ ಮೊಕದ್ದಮೆ ಹೆಗಲೇರಿತು. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟ ಮೇಲೆಯೇ ಆಕೆ ಪೂರ್ತಿ ಪಾರಾದದ್ದು.

ಎರಡೂ ರಾಜ್ಯಗಳ ನಡುವೆ ಇರುವುದು ಡೆಲವೇರ್ ನದಿ ಮಾತ್ರ. ಆಚೆ ದಡದಲ್ಲಿ ಹಕ್ಕಾದದ್ದು ಈಚೆ ದಡದಲ್ಲಿ ಅಪರಾಧ. ಒಂದೇ ಸಂವಿಧಾನದ ಅಡಿಯಲ್ಲಿ ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಬಚ್ಚಿಟ್ಟವನೇ ಕಳ್ಳ

ಶಸ್ತ್ರ ಹೊಂದುವ ಹಕ್ಕನ್ನು ಹೇಳುವ ಎರಡನೇ ತಿದ್ದುಪಡಿ ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ. ಅದು ಕಟ್ಟಿಹಾಕಿದ್ದು ಕೇಂದ್ರ ಸರ್ಕಾರದ ಕೈಯನ್ನು ಮಾತ್ರ, ರಾಜ್ಯಗಳನ್ನಲ್ಲ ಎಂಬುದೇ ಬಹುಕಾಲ ನಡೆದುಬಂದ ಅರ್ಥ. ಹೀಗಾಗಿ ರಾಜ್ಯಗಳು ತಮಗೆ ಸರಿಕಂಡ ಕಾನೂನು ಮಾಡಿಕೊಂಡವು. ಮೊದಲು ಕೈಹಾಕಿದ್ದು ಕೆಂಟಕಿ ಮತ್ತು ಲೂಸಿಯಾನ. 1813ರಲ್ಲಿ ಎರಡೂ ರಾಜ್ಯಗಳು ಆಯುಧವನ್ನು ಮರೆಮಾಡಿ ಒಯ್ಯುವುದನ್ನು ನಿಷೇಧಿಸಿದವು. ಇಂದು ಇದೇ ದಕ್ಷಿಣದ ಸೀಮೆ ಬಂದೂಕು ಹಕ್ಕಿನ ಭದ್ರಕೋಟೆ.

ಆ ಕಾಲದ ತರ್ಕ ಇಂದಿನದಕ್ಕೆ ತಲೆಕೆಳಗು. ಸೊಂಟಕ್ಕೆ ಎದ್ದು ಕಾಣುವಂತೆ ಪಿಸ್ತೂಲು ಸಿಕ್ಕಿಸಿಕೊಂಡವನು ಮರ್ಯಾದಸ್ಥ. ಅವನ ಬಳಿ ಏನಿದೆಯೆಂದು ಎದುರಿನವನಿಗೆ ಗೊತ್ತು. ಕೋಟಿನೊಳಗೆ ಬಚ್ಚಿಟ್ಟವನು ಹೊಂಚು ಹಾಕುವವನು. ಈ ಕಾನೂನಿಗೆ ಬಂದ ಹೆಸರಾಂತ ಸವಾಲು ಪಿಸ್ತೂಲಿನಿಂದಲ್ಲ, ಊರುಗೋಲಿನೊಳಗೆ ಅಡಗಿಸಿದ್ದ ಕತ್ತಿಯಿಂದ. ಅದನ್ನು ಹಿಡಿದು ಓಡಾಡಿ ನೂರು ಡಾಲರ್ ದಂಡ ಹಾಕಿಸಿಕೊಂಡ ಬ್ಲಿಸ್ ಎಂಬವನ ಪರವಾಗಿ 1822ರಲ್ಲಿ ಕೆಂಟಕಿಯ ನ್ಯಾಯಾಲಯ ತೀರ್ಪಿತ್ತು ಕಾನೂನನ್ನೇ ಹೊಡೆದುಹಾಕಿತು. ಕೆಂಟಕಿ ಸುಮ್ಮನಾಗಲಿಲ್ಲ. 1850ರಲ್ಲಿ ತನ್ನ ರಾಜ್ಯದ ಸಂವಿಧಾನವನ್ನೇ ಬದಲಿಸಿ ನಿಷೇಧಕ್ಕೆ ದಾರಿ ಮಾಡಿಕೊಂಡಿತು.

ಕೌಬಾಯ್ ಸಿನಿಮಾಗಳಲ್ಲಿ ಎಲ್ಲರ ಸೊಂಟದಲ್ಲೂ ರಿವಾಲ್ವರ್ ತೂಗುವ ಪಶ್ಚಿಮದ ಊರುಗಳಲ್ಲೂ ಇದೇ ಕಟ್ಟುನಿಟ್ಟು. ಅರಿಜೋನಾದ ಟೂಂಬ್‌ಸ್ಟೋನ್ ಊರೊಳಗೆ ಬಂದವರು ಆಯುಧವನ್ನು ಒಪ್ಪಿಸಿ ಓಡಾಡಬೇಕಿತ್ತು. 1881ರ ಅಕ್ಟೋಬರ್ 26ರಂದು ಊರಿನ ಪೊಲೀಸ್ ಮುಖ್ಯಸ್ಥ ವರ್ಜಿಲ್ ಅರ್ಪ್ ತನ್ನ ತಮ್ಮಂದಿರೊಂದಿಗೆ ಎದುರಾಳಿಗಳ ಬಂದೂಕು ಕಸಿಯಲು ಹೋದದ್ದು ಆ ನಿಯಮವನ್ನು ಮುಂದಿಟ್ಟುಕೊಂಡೇ. ಅರ್ಧ ನಿಮಿಷದಲ್ಲಿ ಮೂರು ಹೆಣ ಬಿದ್ದವು. ಹಾಲಿವುಡ್‌ಗೆ ಮತ್ತೆ ಮತ್ತೆ ಕಥೆಯಾಗಿ ಒದಗಿದ ಓಕೆ ಕೊರಾಲ್ ಕಾಳಗ ಇದೇ.

ಸಾಹೇಬರ ಮರ್ಜಿ

ನಿಷೇಧದ ಜಾಗಕ್ಕೆ ಲೈಸೆನ್ಸ್ ಬಂದ ಕಥೆಯ ದೊಡ್ಡ ತಿರುವು ನ್ಯೂಯಾರ್ಕಿನದು. 1911ರ ಜನವರಿಯಲ್ಲಿ ಕಾದಂಬರಿಕಾರ ಡೇವಿಡ್ ಗ್ರಹಾಂ ಫಿಲಿಪ್ಸ್ ಅವರನ್ನು ಗ್ರಾಮರ್ಸಿ ಪಾರ್ಕ್ ಬಳಿ ಹಾಡಹಗಲೇ ಗುಂಡಿಟ್ಟು ಕೊಲ್ಲಲಾಯಿತು. ಊರು ಕೆರಳಿತು. ‘ಬಿಗ್ ಟಿಮ್’ ಎಂದೇ ಹೆಸರಾಗಿದ್ದ ರಾಜಕಾರಣಿ ಟಿಮೊಥಿ ಸಲಿವಾನ್ ಅದೇ ವರ್ಷ ಕಾನೂನು ಮಾಡಿಸಿದರು. ಜೇಬಿಗೆ ಹಿಡಿಯುವ ಬಂದೂಕಿಗೆಲ್ಲ ಲೈಸೆನ್ಸ್ ಬೇಕಾಯಿತು. ಹೊರಗೆ ಒಯ್ಯಬೇಕಾದವರು ಅದಕ್ಕೆ ಸೂಕ್ತ ಕಾರಣ ತೋರಿಸಬೇಕೆಂಬ ಷರತ್ತು ಬೆನ್ನಿಗೇ ಬಂತು. ಯಾವುದು ಸೂಕ್ತ ಕಾರಣ? ಅದನ್ನು ತೀರ್ಮಾನಿಸುವವರು ಅಧಿಕಾರಿಗಳು. ಇದೇ ಜಾಡಿನಲ್ಲಿ ಹಲವು ರಾಜ್ಯಗಳು ನಡೆದವು. ಕಾನೂನಿನ ಭಾಷೆಯಲ್ಲಿ ಅಧಿಕಾರಿ ಪರ್ಮಿಟ್ ‘ಕೊಡಬಹುದು’, ಕೊಡಲೇಬೇಕೆಂದಿಲ್ಲ.

ಆ ಮರ್ಜಿ ಯಾರ ಕಡೆಗೆ ವಾಲುತ್ತಿತ್ತು ಎಂಬುದಕ್ಕೆ ಒಂದು ಅರ್ಜಿ ಸಾಕು. 1956ರ ಜನವರಿ 30ರಂದು ಅಲಬಾಮಾದ ಮಾಂಟ್ಗೊಮೆರಿಯಲ್ಲಿ ಒಬ್ಬ ಯುವ ಪಾದ್ರಿಯ ಮನೆಗೆ ಬಾಂಬ್ ಎಸೆದರು. ಒಳಗೆ ಹೆಂಡತಿಯೂ ಹಸುಗೂಸೂ ಇದ್ದರು. ಅದಾದ ಮೇಲೆ ಆತ ಬಂದೂಕು ಒಯ್ಯಲು ಪರ್ಮಿಟ್ ಕೇಳಿದರು. ಅರ್ಜಿ ತಿರಸ್ಕೃತವಾಯಿತು. ಅರ್ಜಿದಾರರ ಹೆಸರು ಮಾರ್ಟಿನ್ ಲೂಥರ್ ಕಿಂಗ್. ಅವರಿಗಿಂತ ಸೂಕ್ತ ಕಾರಣ ಇದ್ದವರು ಆ ಊರಿನಲ್ಲಿ ಎಷ್ಟು ಮಂದಿಯಿದ್ದರೋ!

‘ಕೊಡಬಹುದು’ ಹೋಗಿ ‘ಕೊಡಲೇಬೇಕು’

ಗಾಳಿ ತಿರುಗಿದ್ದು ಫ್ಲಾರಿಡಾದಲ್ಲಿ. ವಾಷಿಂಗ್ಟನ್, ಜಾರ್ಜಿಯಾದಂಥ ಕೆಲವು ರಾಜ್ಯಗಳು ಆ ಮೊದಲೇ ನಿಯಮ ಸಡಿಲಿಸಿದ್ದವು. ಆದರೆ 1987ರಲ್ಲಿ ಬಂದೂಕುದಾರರ ಸಂಘಟನೆಯ ಮೇರಿಯನ್ ಹ್ಯಾಮರ್ ಪಟ್ಟುಹಿಡಿದು ಫ್ಲಾರಿಡಾದಲ್ಲಿ ಮಾಡಿಸಿದ ಕಾನೂನು ದೇಶಕ್ಕೆ ಮಾದರಿಯಾಯಿತು. ವಯಸ್ಸು, ತರಬೇತಿ, ಬೆರಳಚ್ಚು, ಅಪರಾಧ ಹಿನ್ನೆಲೆಯ ತಪಾಸಣೆ ಇಷ್ಟು ಸರಿಯಿದ್ದರೆ ಸರ್ಕಾರ ಪರ್ಮಿಟ್ ಕೊಡಲೇಬೇಕು. ಏಕೆ ಬೇಕು ಎಂದು ಕೇಳುವಂತಿಲ್ಲ. ಇನ್ನೊಂದು ಸೋಜಿಗ: ಫ್ಲಾರಿಡಾದಲ್ಲಿ ಈಗ ಈ ಪರ್ಮಿಟ್ ಕೊಡುವುದು ಪೊಲೀಸ್ ಇಲಾಖೆಯಲ್ಲ, ಕೃಷಿ ಇಲಾಖೆ, ಪೆಟ್ರೋಲ್ ಬಂಕಿನ ಅಳತೆ ಪರೀಕ್ಷಿಸುವ ಇಲಾಖೆಯೂ ಅದೇ. ಜಾರ್ಜಿಯಾದಲ್ಲಿ ಉಯಿಲು ನೋಡಿಕೊಳ್ಳುವ ಕೌಂಟಿ ನ್ಯಾಯಾಲಯ ಕೊಡುತ್ತದೆ, ಪೆನ್ಸಿಲ್ವೇನಿಯಾದ ಹೆಚ್ಚಿನ ಕೌಂಟಿಗಳಲ್ಲಿ ಷೆರಿಫ್ ಕೊಡುತ್ತಾರೆ.

ಟೆಕ್ಸಾಸ್ ಬದಲಾದದ್ದು ಒಂದು ಹೋಟೆಲಿನ ರಕ್ತಪಾತದಿಂದ. 1991ರ ಅಕ್ಟೋಬರ್ 16ರಂದು ಕಿಲೀನ್ ಊರಿನ ಲೂಬೀಸ್ ಕೆಫೆಟೇರಿಯಾದೊಳಗೆ ಬಂದೂಕುಧಾರಿಯೊಬ್ಬ 23 ಮಂದಿಯನ್ನು ಕೊಂದ. ಅಲ್ಲಿ ಊಟಕ್ಕೆ ಕುಳಿತಿದ್ದ ಸುಜಾನಾ ಹಪ್ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಒಳಗೆ ಒಯ್ಯುವುದು ಕಾನೂನುಬಾಹಿರ ಎಂಬ ಕಾರಣಕ್ಕೆ ಅವರ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಅದನ್ನು ಹೇಳುತ್ತ ಅವರು ರಾಜ್ಯದಿಂದ ರಾಜ್ಯಕ್ಕೆ ಸಾಕ್ಷಿ ನುಡಿದರು. ಗವರ್ನರ್ ಆನ್ ರಿಚರ್ಡ್ಸ್ 1993ರಲ್ಲಿ ಮಸೂದೆಯನ್ನು ತಡೆದರು. ಮರುವರ್ಷ ಅವರನ್ನು ಸೋಲಿಸಿದ ಜಾರ್ಜ್ ಡಬ್ಲ್ಯು. ಬುಷ್ 1995ರಲ್ಲಿ ಸಹಿ ಹಾಕಿದರು.

ಅಲ್ಲಿಂದ ಮುಂದೆ ಪರ್ಮಿಟ್ಟೇ ಕಳಚತೊಡಗಿತು. ವರ್ಮಾಂಟ್ ಎಂದೂ ಪರ್ಮಿಟ್ ಕೇಳಿದ್ದೇ ಇಲ್ಲ. 2003ರಲ್ಲಿ ಅಲಾಸ್ಕಾ, 2010ರಲ್ಲಿ ಅರಿಜೋನಾ, 2021ರಲ್ಲಿ ಟೆಕ್ಸಾಸ್ ಅದೇ ದಾರಿ ಹಿಡಿದವು. 2024ರ ಹೊತ್ತಿಗೆ ಇಂಥ ರಾಜ್ಯಗಳು 29. ಇತ್ತ ಸುಪ್ರೀಂ ಕೋರ್ಟ್ 2008ರಲ್ಲಿ ಬಂದೂಕು ಹೊಂದುವುದು ವ್ಯಕ್ತಿಯ ಹಕ್ಕೆಂದಿತು, 2010ರಲ್ಲಿ ಅದು ರಾಜ್ಯಗಳಿಗೂ ಅನ್ವಯವೆಂದಿತು. ಮರೆಯಲ್ಲಿ ಒಯ್ಯುವುದಕ್ಕೆ ಎಲ್ಲ ರಾಜ್ಯಗಳಿಗಿಂತ ಕೊನೆಯಲ್ಲಿ, ಅದೂ ಕೋರ್ಟಿನ ಒತ್ತಡದಿಂದ, 2013ರಲ್ಲಿ ಒಪ್ಪಿದ್ದು ಇಲಿನಾಯ್. 2022ರ ಜೂನ್ 23ರಂದು ನ್ಯೂಯಾರ್ಕಿನ ನೂರು ವರ್ಷ ದಾಟಿದ ‘ಸೂಕ್ತ ಕಾರಣ’ದ ಷರತ್ತು ಸುಪ್ರೀಂ ಕೋರ್ಟಿನ 6–3ರ ತೀರ್ಪಿನಲ್ಲಿ ಬಿದ್ದುಹೋಯಿತು. ನ್ಯೂಯಾರ್ಕ್ ವಾರವೊಂದು ಕಳೆಯುತ್ತಲೇ ಬೇರೆ ಗೋಡೆ ಕಟ್ಟಿತು: 16 ಗಂಟೆ ಪಾಠ, 2 ಗಂಟೆ ಗುಂಡು ಹಾರಿಸುವ ಅಭ್ಯಾಸ, ಟೈಮ್ಸ್ ಸ್ಕ್ವೇರ್, ಮೆಟ್ರೊ ರೈಲುಗಳಲ್ಲಿ ಪ್ರವೇಶವಿಲ್ಲ.

ಹೀಗೆ ಎಲ್ಲೆಡೆ ಒಯ್ಯುವ ಹಕ್ಕು ಬಂತು, ಆದರೆ ನಿಯಮ ಸಲೀಸಾಗಲಿಲ್ಲ. ಟೆಕ್ಸಾಸಿನ ಅಂಗಡಿ ಬಾಗಿಲುಗಳನ್ನು ನೋಡಿ. ಪರ್ಮಿಟ್ ಇದ್ದು ಮರೆಯಲ್ಲಿ ಒಯ್ಯುವವರನ್ನು ತಡೆಯಲು 30.06 ಕಲಮಿನ ಫಲಕ ಹಾಕಬೇಕು. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದು ಇಂಚು, ಬಣ್ಣ ಎದ್ದು ಕಾಣಬೇಕು. ಎದುರಿಗೇ ತೋರಿಸಿಕೊಂಡು ಬರುವವರಿಗೆ 30.07, ಪರ್ಮಿಟ್ಟೇ ಇಲ್ಲದವರಿಗೆ 30.05. ಯಾರೂ ಬೇಡವೆನ್ನುವ ಮಾಲೀಕ ಮೂರನ್ನೂ ತೂಗುಹಾಕಬೇಕು. ಪರ್ಮಿಟ್ ಬೇಡದ ರಾಜ್ಯದವರೂ ಪರ್ಮಿಟ್ ಮಾಡಿಸುತ್ತಾರೆ. ಪಕ್ಕದ ರಾಜ್ಯ ಅದನ್ನು ಮಾನ್ಯ ಮಾಡಬಹುದೆಂದು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಹೊರರಾಜ್ಯದ ಪರ್ಮಿಟ್ಟಿಗೆ ಸೊಪ್ಪುಹಾಕುವುದಿಲ್ಲ. ಎಲ್ಲ ರಾಜ್ಯಗಳೂ ಒಪ್ಪಲೇಬೇಕೆಂಬ ಮಸೂದೆ 2017ರಲ್ಲಿ ಕೆಳಮನೆಯಲ್ಲಿ ಗೆದ್ದರೂ ಸೆನೆಟ್ ದಾಟಲಿಲ್ಲ. ಎಚ್‌-1ಬಿ ವೀಸಾದಲ್ಲಿರುವ ನಮ್ಮ ಸಾಫ್ಟ್‌ವೇರ್ ಮಂದಿಗಂತೂ ಬೇಟೆ ಲೈಸೆನ್ಸಿನಂಥ ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದೇ ಕೇಂದ್ರದ ಕಾನೂನಿನಲ್ಲಿ ಅಪರಾಧ. ಯಾವ ರಾಜ್ಯದ ಸಡಿಲಿಕೆಯೂ ಅವರನ್ನು ಕಾಯದು.

ಇದರಿಂದ ಅಪರಾಧ ಇಳಿಯಿತೇ? ಇಳಿಯಿತು ಎಂದು 1990ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಲಾಟ್ ವಾದಿಸಿದರು. ಏರಿತು ಎಂದು ಸ್ಟ್ಯಾನ್‌ಫರ್ಡಿನ ಜಾನ್ ಡೊನೊಹ್ಯು ಲೆಕ್ಕ ತೋರಿಸಿದರು. ಈ ಜಗಳ ಇನ್ನೂ ಹರಿದಿಲ್ಲ.

ಆದರೆ ಅಧಿಕಾರಿಯ ಮರ್ಜಿ ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರವಿದೆ. 2016ರ ಜುಲೈ 6ರಂದು ಮಿನೆಸೋಟಾದಲ್ಲಿ ಶಾಲೆಯೊಂದರ ಅಡುಗೆಮನೆಯ ಉಸ್ತುವಾರಿ ಫಿಲಾಂಡೊ ಕ್ಯಾಸ್ಟಿಲ್ ಅವರ ಕಾರನ್ನು ಪೊಲೀಸರು ತಡೆದರು. ಅವರ ಬಳಿ ಪರ್ಮಿಟ್ ಇತ್ತು. ಬಂದೂಕಿದೆ ಎಂದು ಅವರೇ ವಿನಯದಿಂದ ತಿಳಿಸಿದರು. ಕೆಲವೇ ಕ್ಷಣಗಳಲ್ಲಿ ಪೊಲೀಸ್ ಏಳು ಗುಂಡು ಹಾರಿಸಿದ. ಕ್ಯಾಸ್ಟಿಲ್ ಸತ್ತರು, ಆತ ಖುಲಾಸೆಯಾದ. ಕಿಂಗ್ ಅವರ ಅರ್ಜಿಯನ್ನು ತಳ್ಳಿಹಾಕಿದ ಕಚೇರಿಯ ಅಧಿಕಾರವನ್ನು ಕಾನೂನು ಕಿತ್ತುಕೊಂಡಿದೆ ನಿಜ. ಯಾರು ನಂಬಿಕೆಗೆ ಅರ್ಹರು ಎಂಬ ತೀರ್ಮಾನ ಮಾತ್ರ ನಿಂತಿಲ್ಲ; ಅದೀಗ ಮೇಜಿನ ಮೇಲಲ್ಲ, ರಸ್ತೆಬದಿಯಲ್ಲಿ ನಡೆಯುತ್ತದೆ. ಕಚೇರಿಯ ‘ಇಲ್ಲ’ಕ್ಕೆ ಮೇಲ್ಮನವಿ ಹಾಕಬಹುದಿತ್ತು.