ಕಿವಿಯಿಂದ ಕಲಿಯುವುದು: ಕೇಳತಕ್ಕ ಕೆಲವು ಪಾಡ್‌ಕಾಸ್ಟ್‌ಗಳು

ಪಾಠ ಮುಗಿಸಿ ತರಗತಿಯಿಂದ ಹೊರಬರುವಾಗ ವಿದ್ಯಾರ್ಥಿಗಳು ನಮ್ಮನ್ನು ತಡೆದು ಕೇಳುವ ಪ್ರಶ್ನೆಗಳಲ್ಲಿ ಒಂದು ಈಚೆಗೆ ಪದೇ ಪದೇ ಬರುತ್ತಿದೆ: "ಸಾರ್, ಯಾವ ಪಾಡ್‌ಕಾಸ್ಟ್ ಕೇಳಿದರೆ ಒಳ್ಳೆಯದು?" ಯಾವ ಪುಸ್ತಕ ಓದಬೇಕೆಂಬ ಪ್ರಶ್ನೆಗೆ ಉತ್ತರ ಹೇಳಿ ರೂಢಿಯಾಗಿದ್ದ ನಮಗೆ ಇದು ಮೊದಮೊದಲು ಹಿಡಿಸಲಿಲ್ಲವೆಂದು ಒಪ್ಪಿಕೊಳ್ಳಬೇಕು. ಬಸ್ಸಿನಲ್ಲಿ ಕುಳಿತು, ಕಿವಿಗೆ ಎರಡು ಗುಂಡಿಗಳನ್ನು ಸಿಕ್ಕಿಸಿಕೊಂಡು ಕೇಳುವುದೂ ಒಂದು ವ್ಯಾಸಂಗವೇ ಎಂಬ ಸಂಶಯ ನಮ್ಮದಾಗಿತ್ತು. ಆ ಸಂಶಯ ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಆದರೆ ಕೆಲವು ವರ್ಷಗಳಿಂದ ನಾವೂ ಕೇಳುತ್ತ ಬಂದಿದ್ದೇವೆ. ಕೆಲವನ್ನು ಎರಡು ಮೂರು ಬಾರಿ ಕೇಳಿದೆವು. ಹಲವನ್ನು ಹತ್ತು ನಿಮಿಷ ಕಳೆಯುವ ಮುನ್ನವೇ ಬಿಟ್ಟೆವು. ಯಾವುದನ್ನು ಏಕೆ ಉಳಿಸಿಕೊಂಡೆವೆಂಬುದನ್ನು ಇಲ್ಲಿ ಹೇಳುವೆವು.

ಪಟ್ಟಿಗೆ ಮುಂಚೆ ಒಂದು ಪ್ರಸಂಗ. ಕ್ವಾಂಟಮ್ ಸಿದ್ಧಾಂತವನ್ನು ಕುರಿತು ನಲವತ್ತು ಗಂಟೆಗಳಷ್ಟು ಮಾತನ್ನು ಕೇಳಿದ್ದೇನೆಂದು ಒಬ್ಬ ವಿದ್ಯಾರ್ಥಿ ನಮ್ಮಲ್ಲಿ ಹೆಮ್ಮೆಯಿಂದ ಹೇಳಿದ. ಸಂತೋಷವಾಯಿತು. ಹಳದಿ ಬೆಳಕಿನ ತರಂಗದೂರವನ್ನು ಕೊಟ್ಟು, ಅದರ ಒಂದು ಫೋಟಾನಿನ ಶಕ್ತಿ ಎಷ್ಟಾಗುವುದೆಂದು ಕೇಳಿದೆವು. ಒಂದೇ ಸಾಲಿನ ಲೆಕ್ಕ. ಅವನಿಗೆ ಎಲ್ಲಿಂದ ಆರಂಭಿಸಬೇಕೆಂದೇ ತೋಚಲಿಲ್ಲ. ಅವನು ಸೋಮಾರಿಯಲ್ಲ, ದಡ್ಡನಂತೂ ಅಲ್ಲ, ಆಸಕ್ತಿಯಿಂದಲೇ ಕೇಳಿದ್ದ. ಆದರೆ ತಿಳಿಯಿತೆಂಬ ಭಾವನೆ ಬೇರೆ, ತಿಳಿವಳಿಕೆ ಬೇರೆ. ಪುಸ್ತಕದಲ್ಲಿ ಕಠಿಣವಾದ ಸಾಲು ಬಂದಾಗ ಕಣ್ಣು ತಾನಾಗಿಯೇ ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ. ಮಾತು ಹಾಗೆ ನಿಲ್ಲುವುದಿಲ್ಲ. ಮಾತನಾಡುವವರ ನಿಶ್ಚಯವೇ ನಮ್ಮ ನಿಶ್ಚಯವೆಂಬ ಭ್ರಮೆ ಹುಟ್ಟಿಸಿ ಅದು ಮುಂದೆ ಹರಿದುಹೋಗುತ್ತದೆ. ಈ ಭ್ರಮೆಗೆ ಅಧ್ಯಾಪಕರೂ ಹೊರತಲ್ಲ.

ಆದಕಾರಣ ನಾವು ಒಂದು ಅಳತೆಗೋಲನ್ನು ಇಟ್ಟುಕೊಂಡಿದ್ದೇವೆ: ಕಾಗದದ ಮೇಲೆ ದೊರೆಯದ ಯಾವುದನ್ನು ಈ ಧ್ವನಿ ಕೊಡುತ್ತದೆ? ಉತ್ತರವಿಲ್ಲದಿದ್ದರೆ ಆ ವಿಷಯವನ್ನು ಓದುವುದೇ ಲೇಸು.

ಪಾಡ್‌ಕಾಸ್ಟ್ ಎಂದರೆ ಧ್ವನಿಮುದ್ರಿತ ಕಾರ್ಯಕ್ರಮಗಳ ಮಾಲೆ. ಅಂತರಜಾಲದಿಂದ ಒಂದೊಂದಾಗಿ ಕಂತುಗಳನ್ನು ಇಳಿಸಿಕೊಂಡು ಬೇಕಾದಾಗ ಕೇಳಬಹುದು. ಪ್ರತಿ ಮಾಲೆಗೂ ಫೀಡ್ ಎಂಬ ಒಂದು ಪಟ್ಟಿಯಿರುತ್ತದೆ. ಹೊಸ ಕಂತಿನ ವಿಳಾಸ ಅದರಲ್ಲಿ ಸೇರಿದೊಡನೆ ನಮ್ಮ ಫೋನು ಅದನ್ನು ಗುರುತಿಸುತ್ತದೆ. ಈ ಹೆಸರನ್ನು 2004ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ 'ಗಾರ್ಡಿಯನ್' ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್ಲಿ ಬಳಸಿದರು. ಐಪಾಡ್ ಎಂಬ ಯಂತ್ರದ ಹೆಸರಿಗೆ ಬ್ರಾಡ್‌ಕಾಸ್ಟ್ ಎಂಬುದರ ಬಾಲ ಅಂಟಿಕೊಂಡಿತು. 2001ರಲ್ಲಿ ಬಂದ ಆ ಯಂತ್ರದ ತಯಾರಿಕೆ 2022ರಲ್ಲಿ ನಿಂತುಹೋಯಿತು. ಹೆಸರು ಮಾತ್ರ ಉಳಿದಿದೆ.

ಒಂದು ಗಂಟೆಯ ಮಾತು ಅಂಗೈಯಗಲದ ಫೋನಿನೊಳಗೆ ಅಡಗುವುದು ಹೇಗೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗೆ ಲೆಕ್ಕ ಹಾಕಿ ನೋಡತಕ್ಕ ವಿಷಯ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಬಲ್ಲುದು. ಒಂದು ಕಂಪನವನ್ನು ತಪ್ಪಿಲ್ಲದೆ ಹಿಡಿಯಬೇಕಾದರೆ ಅದರ ಒಂದೊಂದು ಆವರ್ತಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಅಳತೆ ತೆಗೆಯಬೇಕು. ಸಂಗೀತದ ಸಿ.ಡಿ. ತಟ್ಟೆಗಳಲ್ಲಿ ಸೆಕೆಂಡಿಗೆ 44,100 ಅಳತೆಗಳನ್ನು ತೆಗೆಯುವುದು ಇದೇ ಕಾರಣಕ್ಕೆ. ಒಂದೊಂದು ಅಳತೆಗೆ 16 ಬಿಟ್‌ಗಳು. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ವಾಹಿನಿಗಳು. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಗಂಟೆಗೆ ಸುಮಾರು 635 ಮೆಗಾಬೈಟ್. ಆದರೆ ಒಂದೇ ವಾಹಿನಿಯಲ್ಲಿ, ಸೆಕೆಂಡಿಗೆ 64,000 ಬಿಟ್‌ಗಳ ಎಂ.ಪಿ.3 ರೂಪದಲ್ಲಿ ಅದೇ ಒಂದು ಗಂಟೆಯ ಮಾತು 29 ಮೆಗಾಬೈಟಿಗೂ ಕಡಮೆ! ಉಳಿದದ್ದು ಎಲ್ಲಿ ಹೋಯಿತು?

ಅದು ನಮ್ಮ ಕಿವಿಯ ದೌರ್ಬಲ್ಯದಲ್ಲಿ ಕರಗಿತು. ಜಾತ್ರೆಯಲ್ಲಿ ಡೊಳ್ಳಿನ ಸದ್ದಿನ ನಡುವೆ ಪಕ್ಕದವರ ಮಾತು ಕೇಳಿಸದು. ಗಟ್ಟಿಯಾದ ಸ್ವರವೊಂದು ತನ್ನ ಆಸುಪಾಸಿನ ಕಂಪನಸಂಖ್ಯೆಯ ಮೆಲುಸ್ವರಗಳನ್ನು ಮರೆಮಾಡುತ್ತದೆ. ಹೇಗೂ ಕೇಳಿಸದ ಭಾಗವನ್ನು ಅಷ್ಟು ನಿಖರವಾಗಿ ಬರೆದಿಡುವ ಅಗತ್ಯವೇನು? ಈ ತತ್ತ್ವದ ಮೇಲೆ ಎಂ.ಪಿ.3 ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರಾದ ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ತಮ್ಮ ಪರೀಕ್ಷೆಗೆ ಸೂಜಾನ್ ವೇಗಾ ಹಾಡಿದ 'ಟಾಮ್ಸ್ ಡೈನರ್' ಎಂಬ ಪಕ್ಕವಾದ್ಯವಿಲ್ಲದ ಹಾಡನ್ನು ಬಳಸಿದರು. ಮರೆಮಾಡಲು ಬೇರೆ ವಾದ್ಯವಿಲ್ಲದಿದ್ದುದರಿಂದ ಒಂಟಿ ಕಂಠದಲ್ಲಿ ಸಣ್ಣ ದೋಷವೂ ಎದ್ದು ಕೇಳಿಸುತ್ತಿತ್ತು. ಅಂತೂ ಕಾಲೇಜಿನಲ್ಲಿ ಇಳಿಸಿಕೊಂಡ ನಾಲ್ಕು ಕಂತುಗಳು ಒಂದು ವಾರದ ಬಸ್ ಪ್ರಯಾಣಕ್ಕೆ ಸಾಕಾಗುವುವು.

ಈಗ ಪಟ್ಟಿಗೆ ಬರೋಣ. ಒಂದನ್ನೇ ಕೇಳುವ ಅವಕಾಶವಿದ್ದರೆ ಬಿ.ಬಿ.ಸಿ. ವರ್ಲ್ಡ್ ಸರ್ವಿಸ್ 2019ರಲ್ಲಿ ಹೊರತಂದ '13 ಮಿನಿಟ್ಸ್ ಟು ದ ಮೂನ್' ಎಂಬುದನ್ನು ಕೇಳಿರೆಂದು ಹೇಳುತ್ತೇವೆ. ನಿರೂಪಕರಾದ ಕೆವಿನ್ ಫಾಂಗ್ ವೈದ್ಯರು. 1969ರ ಜುಲೈ 20ರಂದು ಅಪೊಲೊ 11ರ ಚಂದ್ರನೌಕೆ ಇಳಿಯತೊಡಗಿದಾಗಿನಿಂದ ನೆಲ ಮುಟ್ಟುವವರೆಗಿನ ಸುಮಾರು ಹದಿಮೂರು ನಿಮಿಷಗಳ ಕಥೆ ಅದು. ಮೊದಲ ಕಂತುಗಳು ಯಂತ್ರ, ಗಣಕ, ಜನ ಎಲ್ಲವನ್ನೂ ವಿವರಿಸಿ ಕೇಳುಗನನ್ನು ಸಿದ್ಧಗೊಳಿಸುತ್ತವೆ. ಆಮೇಲೆ ಆ ನಿಮಿಷಗಳ ಮೂಲ ಧ್ವನಿಮುದ್ರಣವನ್ನೇ ಕೇಳಿಸುತ್ತಾರೆ. ಇಳಿಯುತ್ತಿರುವಾಗ ನೌಕೆಯ ಗಣಕ 1202 ಎಂಬ ಎಚ್ಚರಿಕೆಯನ್ನು ಕೊಟ್ಟಿತು. ಅದರ ಪಾಲಿಗೆ ಕೆಲಸ ಹೆಚ್ಚಾಗಿತ್ತು. ಇಳಿಯಬೇಕೇ, ಹಿಂದಿರುಗಬೇಕೇ? ಉತ್ತರ ಹೇಳಬೇಕಾದವರು ಹ್ಯೂಸ್ಟನ್ನಿನಲ್ಲಿ ಕುಳಿತಿದ್ದ ಸ್ಟೀವ್ ಬೇಲ್ಸ್ ಮತ್ತು ಅವರಿಗೆ ನೆರವಾಗುತ್ತಿದ್ದ ಜ್ಯಾಕ್ ಗಾರ್ಮನ್. ಇಬ್ಬರೂ ಇಪ್ಪತ್ತರ ಹರೆಯದವರು. ನಿಮ್ಮಲ್ಲಿ ಹಲವರಿಗಿಂತ ಐದಾರು ವರ್ಷ ಹಿರಿಯರಷ್ಟೆ. ಹಿಂದಿನ ಅಭ್ಯಾಸವೊಂದರಲ್ಲಿ ಇಂಥದೇ ಎಚ್ಚರಿಕೆಯಿಂದ ತಪ್ಪು ತೀರ್ಮಾನವಾಗಿದ್ದುದರಿಂದ ಗಾರ್ಮನ್ ಎಲ್ಲ ಎಚ್ಚರಿಕೆಗಳನ್ನೂ ಕೈಬರಹದಲ್ಲಿ ಪಟ್ಟಿಮಾಡಿ ಮುಂದಿಟ್ಟುಕೊಂಡಿದ್ದರು. ಮುಂದುವರಿಯಬಹುದೆಂಬ ಉತ್ತರ ಹೋಯಿತು. ಆ ದನಿಗಳಲ್ಲಿರುವ ಬಿಗುವನ್ನು ಯಾವ ಅಚ್ಚಿನ ಸಾಲೂ ಕೊಡಲಾರದು.

ಅದಕ್ಕಿಂತಲೂ ಮಿಗಿಲಾದುದೊಂದು ಆ ಧ್ವನಿಮುದ್ರಣದಲ್ಲಿದೆ: ಮೌನ. ಚಂದ್ರ ಸರಾಸರಿ 3,84,000 ಕಿಲೋಮೀಟರ್ ದೂರದಲ್ಲಿದೆ. ರೇಡಿಯೋ ತರಂಗ ಅಲ್ಲಿಗೆ ಹೋಗಲು 1.3 ಸೆಕೆಂಡು, ಮರಳಲು ಮತ್ತೆ 1.3 ಸೆಕೆಂಡು ಬೇಕು. ಹ್ಯೂಸ್ಟನ್ನಿನಿಂದ ಹೋದ ಪ್ರಶ್ನೆಗೆ ಚಂದ್ರನಿಂದ ಉತ್ತರ 2.6 ಸೆಕೆಂಡಿಗೆ ಮುಂಚೆ ಎಂದಿಗೂ ಬರಲಾರದು. ಆದರೆ ಯಾತ್ರಿಕರ ಪ್ರಶ್ನೆಗೆ ಹ್ಯೂಸ್ಟನ್ನಿನವರ ಉತ್ತರ ಒಡನೆಯೇ ಕೇಳಿಬರಬಹುದು. ಏಕೆಂದರೆ ಮುದ್ರಣವಾದದ್ದು ಭೂಮಿಯ ಮೇಲೆ. ಬೆಳಕಿನ ವೇಗವನ್ನು ಪುಸ್ತಕದಲ್ಲಿ ಒಂದು ಸಂಖ್ಯೆಯಾಗಿ ಬಾಯಿಪಾಠ ಮಾಡಿದ್ದ ನಮಗೆ ಅದನ್ನು ಕಿವಿಯಾರೆ ಕೇಳಿದ ಅನುಭವ ಅಂದು ದೊರೆಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ವೇಳೆ ಉಳಿಸಲೆಂದು ಒಂದೂವರೆ ಪಟ್ಟು ವೇಗದಲ್ಲಿ ಕೇಳುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಬಹಳವಾಗಿದೆ. ಹಿಂದೆ ಟೇಪನ್ನು ವೇಗವಾಗಿ ಓಡಿಸಿದರೆ ಕಂಪನಸಂಖ್ಯೆಯೂ ಅಷ್ಟೇ ಏರಿ ಗಂಡಸಿನ ದನಿ ಕೀಚಲಾಗುತ್ತಿತ್ತು. ಇಂದಿನ ಫೋನು ಧ್ವನಿಯನ್ನು ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದರ ಅಂಚನ್ನು ಇನ್ನೊಂದರ ಮೇಲೆ ಹೊಂದಿಸಿ ಜೋಡಿಸುವುದರಿಂದ ವೇಗ ಏರಿದರೂ ಸ್ವರ ಏರದು. ಜಾಣತನದ ಉಪಾಯವೇ ಸರಿ. ಆದರೆ ಹೀಗೆ ಕೇಳಿದಾಗ ಆ 2.6 ಸೆಕೆಂಡು 1.7 ಆಗುತ್ತದೆ, ಚಂದ್ರನೇ ಭೂಮಿಯ ಹತ್ತಿರಕ್ಕೆ ಸರಿದಂತಾಯಿತು! ಮಾತಿನ ನಡುವಣ ಮೌನವನ್ನು ಕತ್ತರಿಸಿಹಾಕುವ ಸೌಕರ್ಯ ಇನ್ನೂ ಕೆಟ್ಟದ್ದು. ಮೌನವೇ ಪ್ರಮಾಣವಾಗಿರುವ ಕಡೆ ಅದನ್ನು ಕಳೆದುಕೊಂಡು ಉಳಿಸಿದ ನಿಮಿಷಗಳಿಂದ ಏನು ಫಲ?

ಸಂಗೀತದಲ್ಲಿ ಆಸಕ್ತಿಯಿರುವವರು ಭಾರತೀಯ ಮೂಲದ ಹೃಷಿಕೇಶ ಹಿರ್ವೆ ಅಮೆರಿಕದಲ್ಲಿ 2014ರಿಂದ ನಡೆಸಿಕೊಂಡು ಬಂದ 'ಸಾಂಗ್ ಎಕ್ಸ್‌ಪ್ಲೋಡರ್' ಕೇಳಬೇಕು. ಹಾಡನ್ನು ರಚಿಸಿದವರೇ ಅದರ ಒಂದೊಂದು ಪದರವನ್ನೂ ಬೇರೆಬೇರೆಯಾಗಿ ಬಿಡಿಸಿ ಕೇಳಿಸುತ್ತಾರೆ. ಪ್ರಿಸಮ್ಮಿನಿಂದ ಬೆಳಕನ್ನು ಒಡೆದು ನೋಡಿದವರಿಗೆ ಈ ಕ್ರಮ ಅಪರಿಚಿತವೆನಿಸದು. ಕೊನೆಗೆ ಹಾಡನ್ನು ಇಡಿಯಾಗಿ ಕೇಳಿದಾಗ, ಮುಂಚೆ ಅರಿವಿಗೇ ಬಾರದಿದ್ದ ವಾದ್ಯ ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ಡಾಲಸ್ ಟೇಲರ್ ಅವರ 'ಟ್ವೆಂಟಿ ಥೌಸಂಡ್ ಹರ್ಟ್ಸ್' ಎಂಬುದರ ಹೆಸರೇ ನಾವು ಮೇಲೆ ಹೇಳಿದ ಶ್ರವಣದ ಮೇಲ್ಮಿತಿ. ನಾವು ದಿನವೂ ಕೇಳಿಯೂ ಗಮನಿಸದ ಸದ್ದುಗಳ ಹಿಂದಿನ ವೃತ್ತಾಂತವನ್ನು ಅದು ಹೇಳುತ್ತದೆ.

ಇತಿಹಾಸದಲ್ಲಿ ನಮ್ಮ ಅಳತೆಗೋಲನ್ನೇ ಅಣಕಿಸುವ ಒಂದು ಮಾಲೆಯುಂಟು: 2010ರಲ್ಲಿ ಬಿ.ಬಿ.ಸಿ. ರೇಡಿಯೋ 4 ಮತ್ತು ಬ್ರಿಟಿಷ್ ಮ್ಯೂಸಿಯಂ ಸೇರಿ ರೂಪಿಸಿದ 'ಎ ಹಿಸ್ಟರಿ ಆಫ್ ದ ವರ್ಲ್ಡ್ ಇನ್ 100 ಆಬ್ಜೆಕ್ಟ್ಸ್'. ವಸ್ತುಸಂಗ್ರಹಾಲಯದ ನೂರು ವಸ್ತುಗಳನ್ನು, ಒಂದೊಂದಕ್ಕೆ ಸುಮಾರು ಕಾಲು ಗಂಟೆಯಂತೆ, ಅಂದಿನ ನಿರ್ದೇಶಕ ನೀಲ್ ಮ್ಯಾಕ್‌ಗ್ರೆಗರ್ ಬರಿಯ ಮಾತಿನಲ್ಲಿ ತೋರಿಸುತ್ತಾರೆ. ಕಣ್ಣಿಗೆ ಸೇರಿದ್ದನ್ನು ಕಿವಿಗೆ ಹೇಳುವುದು ವಿಚಿತ್ರವಲ್ಲವೇ? ಆದರೆ ನೋಡಲಾಗದಿರುವುದರಿಂದಲೇ ವರ್ಣನೆ ಅಷ್ಟು ನಿಖರವಾಗಿದೆ. ಸಿಂಧೂ ಕಣಿವೆಯ ಮುದ್ರೆ, ಅಶೋಕ ಸ್ತಂಭದ ತುಂಡು, ಕುಮಾರಗುಪ್ತನ ಚಿನ್ನದ ನಾಣ್ಯ ಆ ನೂರರಲ್ಲಿವೆ. ಪ್ರಯೋಗಶಾಲೆಯ ದಾಖಲೆಯಲ್ಲಿ ಉಪಕರಣವನ್ನು ವರ್ಣಿಸಲು ತಿಣುಕುವವರು ಎರಡು ಕಂತು ಕೇಳಿದರೆ ಪ್ರಯೋಜನವಾದೀತು. ರೋಮಿನ ಚರಿತ್ರೆಯನ್ನು ಮೈಕ್ ಡಂಕನ್ 2007ರಿಂದ 2012ರ ವರೆಗೆ ಒಬ್ಬರೇ ಹೇಳಿ ಮುಗಿಸಿದರು. ಆರಂಭದ ಕಂತುಗಳ ಧ್ವನಿ ಅಷ್ಟಕ್ಕಷ್ಟೆ. ದೀರ್ಘ ರಜೆಯಲ್ಲಿ ಕೇಳಿ.

ಬಿ.ಬಿ.ಸಿ.ಯ 'ಇನ್ ಅವರ್ ಟೈಮ್' 1998ರಲ್ಲಿ ಆರಂಭವಾಯಿತು. ಮೆಲ್ವಿನ್ ಬ್ರ್ಯಾಗ್ 2025ರಲ್ಲಿ ನಿವೃತ್ತರಾಗುವವರೆಗೆ ಮೂವರು ವಿದ್ವಾಂಸರನ್ನು ಎದುರಿಗೆ ಕೂರಿಸಿಕೊಂಡು ಸಾವಿರಕ್ಕೂ ಮಿಕ್ಕಿ ಕಂತುಗಳನ್ನು ನಡೆಸಿದರು. ಉಷ್ಣಗತಿವಿಜ್ಞಾನದ ಎರಡನೆಯ ನಿಯಮ, ಭಾರತೀಯ ಗಣಿತ, ಫೋಟಾನ್, ಉಪನಿಷತ್ತು, ಎಲ್ಲವೂ ಅಲ್ಲುಂಟು. ಮಾತು ಹಾರಿದರೆ ಬ್ರ್ಯಾಗ್ ತಡೆದು, ತಮಗೆ ಅರ್ಥವಾಗಲಿಲ್ಲವೆಂದು ಹೇಳುತ್ತಾರೆ. ತರಗತಿಯಲ್ಲಿ ಕೈ ಎತ್ತಲು ಸಂಕೋಚಪಡುವವರು ಕೇಳಬೇಕಾದದ್ದು ಇದನ್ನು. ವಿದ್ವಾಂಸರು ತಮ್ಮತಮ್ಮಲ್ಲೇ ಭಿನ್ನಾಭಿಪ್ರಾಯ ತೋರುವ ಬಗೆಯೂ ಪಠ್ಯಪುಸ್ತಕದಲ್ಲಿ ಕಾಣಸಿಗುವುದಲ್ಲ. ಬ್ರಯಾನ್ ಕಾಕ್ಸ್ ಮತ್ತು ರಾಬಿನ್ ಇನ್ಸ್ 2009ರಲ್ಲಿ ಆರಂಭಿಸಿದ 'ದಿ ಇನ್‌ಫಿನಿಟ್ ಮಂಕಿ ಕೇಜ್' ವಿಜ್ಞಾನವನ್ನು ನಗುತ್ತ ಹೇಳುತ್ತದೆ. ಹಲವರಿಗೆ ಪ್ರಿಯವಾದುದು, ಅದರ ಹಾಸ್ಯದ ಅರ್ಧಪಾಲು ನಮಗೆ ಎಟುಕದೆ ಹೋಯಿತು.

ಅಪರಾಧ ಕಥನಗಳಿಗೆ ಇಂದು ಕೇಳುಗರು ಅಪಾರ. ಆ ಪ್ರವಾಹಕ್ಕೆ ಬಹುಮಟ್ಟಿಗೆ ಕಾರಣವಾದದ್ದು 2014ರ 'ಸೀರಿಯಲ್'. 1999ರಲ್ಲಿ ಬಾಲ್ಟಿಮೋರ್ ಪ್ರದೇಶದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಕೊಲೆಯಾದ ಪ್ರಕರಣವನ್ನು ಸಾರಾ ಕೇನಿಗ್ ಹನ್ನೆರಡು ಕಂತುಗಳಲ್ಲಿ ಮರುಪರಿಶೀಲಿಸಿದರು. ಮೊಬೈಲ್ ಕರೆ ಯಾವ ಗೋಪುರದ ಮೂಲಕ ಹೋಯಿತೆಂಬ ದಾಖಲೆ ಅಲ್ಲಿ ಮುಖ್ಯ ಸಾಕ್ಷ್ಯ. ಫೋನು ಯಾವಾಗಲೂ ಅತಿ ಹತ್ತಿರದ ಗೋಪುರವನ್ನೇ ಹಿಡಿಯುವುದಿಲ್ಲ. ನೆಲದ ಏರಿಳಿತ, ಕಟ್ಟಡ, ಗೋಪುರದ ಮೇಲಿನ ಹೊರೆ ಎಲ್ಲವೂ ಸೇರುತ್ತವೆ. ಒಂದು ಕಂತಿನಲ್ಲಿ ನಿರೂಪಕಿ ಗಡಿಯಾರ ಹಿಡಿದು ಅದೇ ಹಾದಿಯಲ್ಲಿ ಕಾರಿನಲ್ಲಿ ಸಾಗಿ ವೇಳೆಯನ್ನು ಪರೀಕ್ಷಿಸುತ್ತಾರೆ. ಅಪರಾಧಿಯೆಂಬ ತೀರ್ಪು 2022ರಲ್ಲಿ ರದ್ದಾಗಿ, 2023ರಲ್ಲಿ ಮತ್ತೆ ಊರ್ಜಿತವಾಯಿತು. 2025ರಲ್ಲಿ ಶಿಕ್ಷೆಯನ್ನು ಆತ ಅನುಭವಿಸಿದ ಅವಧಿಗೇ ಇಳಿಸಲಾಯಿತು. ಪ್ರಮಾಣವನ್ನು ತೂಗುವ ಅಭ್ಯಾಸಕ್ಕಾಗಿ ಇದನ್ನು ಸೂಚಿಸುತ್ತೇವೆ. ಆದರೆ ಒಂದು ಕುಟುಂಬದ ದುಃಖ ಲಕ್ಷಾಂತರ ಜನರ ವಿನೋದವಾಯಿತಲ್ಲ ಎಂಬ ಕಸಿವಿಸಿ ನಮ್ಮನ್ನು ಬಿಟ್ಟಿಲ್ಲ.

ಕನ್ನಡದಲ್ಲಿ? ಕೇಳಿ ಕಲಿಯುವುದು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದ್ದರು. ಮನೆಯ ಕೋಣೆಯಿಂದ ನಾಡಿಗೆ ಮಾತನಾಡುವ ಆ ಸಾಹಸವೇ ಇಂದು ಫೋನಿನಿಂದ ಎಲ್ಲರಿಗೂ ಸಾಧ್ಯವಾಗಿದೆ. ಪವನ್ ಶ್ರೀನಾಥ್ ಮತ್ತು ಸಂಗಡಿಗರ 'ತಲೆ-ಹರಟೆ' ತಜ್ಞರನ್ನು ಕರೆದು ಗಂಭೀರ ವಿಷಯಗಳನ್ನು ಬೆಂಗಳೂರಿನ ಆಡುಮಾತಿನಲ್ಲಿ ಚರ್ಚಿಸುತ್ತದೆ. ಇಂಗ್ಲಿಷಿನ ಬೆರಕೆಗೆ ಕೆಲವರು ಮುಖ ಸಿಂಡರಿಸಿಯಾರು. ನಮಗಂತೂ ಅದು ಜಗಲಿಯ ಮಾತಿನಂತೆ ಹಿತವೆನಿಸಿತು.

ಕೇಳುವ ಕ್ರಮವನ್ನು ಕುರಿತು ಎರಡು ಮಾತು. ಕಂತು ಮುಗಿದೊಡನೆ ಮುಂದಿನದಕ್ಕೆ ಹೋಗದೆ, ತಿಳಿದದ್ದನ್ನು ಐದು ಸಾಲು ಬರೆಯಿರಿ. ನಾವು ಮೇಲೆ ಹೇಳಿದ ವಿದ್ಯಾರ್ಥಿ ಈಗ ಹೀಗೆ ಮಾಡುತ್ತಿದ್ದಾನೆ. ಕೇಳುವ ಗಂಟೆಗಳು ಅರ್ಧಕ್ಕಿಳಿದಿವೆ, ನಮ್ಮನ್ನು ಕೇಳುವ ಪ್ರಶ್ನೆಗಳು ಹೆಚ್ಚಿವೆ. ಎರಡನೆಯದಾಗಿ, ಬಸ್ಸಿನ ಗದ್ದಲವನ್ನು ಮೀರಿಸಲು ಧ್ವನಿಯನ್ನು ಏರಿಸಬೇಡಿ. 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90 ಡೆಸಿಬೆಲಿಗೆ ಏರಿದರೆ 4 ಗಂಟೆ ಮಾತ್ರ. ಹತ್ತು ಡೆಸಿಬೆಲ್ ಏರಿದಾಗ ಧ್ವನಿಯ ತೀವ್ರತೆ ಹತ್ತು ಪಟ್ಟಾಗುತ್ತದೆಂಬುದನ್ನು ಬಲ್ಲವರಿಗೆ ಈ ಲೆಕ್ಕ ತಾನಾಗಿಯೇ ಹೊರಡುವುದು.

ಭೌತವಿಜ್ಞಾನವನ್ನು ಸದ್ದಿನಿಂದಲೇ ತೋರಿಸಿಕೊಡುವ ಕನ್ನಡದ ಮಾಲೆಯೊಂದನ್ನು ನಾವು ಇನ್ನೂ ಕೇಳಿಲ್ಲ. ಅದನ್ನು ಆರಂಭಿಸಲು ಫೋನಲ್ಲದೆ ಬೇರೆ ಸಲಕರಣೆ ಬೇಡ. ಕುದಿಯುವಷ್ಟು ಬಿಸಿಯಾದ ನೀರನ್ನು ಎಚ್ಚರಿಕೆಯಿಂದ ಒಂದು ಲೋಟಕ್ಕೆ ಸುರಿದು ಮುದ್ರಿಸಿಕೊಳ್ಳಿ. ಅದೇ ಲೋಟಕ್ಕೆ ಅದೇ ಎತ್ತರದಿಂದ ತಣ್ಣೀರನ್ನು ಸುರಿದು ಮುದ್ರಿಸಿಕೊಳ್ಳಿ. ಎರಡನ್ನೂ ಮನೆಯವರಿಗೆ ಕೇಳಿಸಿ, ಯಾವುದು ಬಿಸಿ, ಯಾವುದು ತಣ್ಣನೆಯದು ಎಂದು ಕೇಳಿ. ಬಹುತೇಕ ಜನ ಸರಿಯಾಗಿಯೇ ಹೇಳುತ್ತಾರೆ, ಹೇಗೆ ತಿಳಿಯಿತೆಂದರೆ ಮಾತ್ರ ಉತ್ತರಿಸಲಾರರು. ಆ ಉತ್ತರವನ್ನು ಹುಡುಕುವುದೇ ನಿಮ್ಮ ಮೊದಲ ಕಂತು ಆಗಬಹುದು.